ಮಾಳಿಗೆಯ ಮಣ್ಣು

ರಾಜ್ಯದ ಗಡಿಯಾಚೆ ಭೂಕಂಪವಾದಾಗ ನಾನು ಶಹಾಪುರದಲ್ಲಿ ಕಾಲುವೆ ಕೆಲಸದ ಎಂಜಿನಿಯರ್. ಬಿದ್ದ ಮನೆಗಳ ಮಣ್ಣು ಎತ್ತಲು ನಮ್ಮನ್ನೂ ಕಳಿಸಿದ್ದರು. ಅಲ್ಲಿ ಎಷ್ಟೋ ಜನರ ಮೈಮೇಲೆ ಗಾಯವೇ ಇರಲಿಲ್ಲ. ಬಾಯಿ, ಮೂಗಿನ ತುಂಬ ಮಾಳಿಗೆಯ, ಅಂದರೆ ಸಪಾಟು ಸೂರಿನ, ಮಣ್ಣಿತ್ತು. ತಿರುಗಿ ಬಂದ ಮೇಲೆ ಯಾರ ಮನೆಯಲ್ಲೂ ನೆಮ್ಮದಿಯಾಗಿ ಚಹಾ ಕುಡಿಯಲು ನನ್ನಿಂದ ಆಗಲಿಲ್ಲ. ಕಣ್ಣು ತಾನಾಗಿ ಸೂರಿಗೆ ಹೋಗುತ್ತಿತ್ತು. ಹೆಂಡತಿ ಬೈದಳು, ಸರಿಯಾಗೇ ಬೈದಳು.

ನಮ್ಮ ತಾಲೂಕಿನ ಕಲ್ಲುಮನೆಗಳನ್ನು ಪರೀಕ್ಷಿಸುವ ಕೆಲಸವೂ ನನ್ನ ತಲೆಗೇ ಬಂತು. ಗೋಡೆಗೆ ಸುತ್ತಿಗೆಯಿಂದ ಬಡಿದು ಕಿವಿಗೊಡಬೇಕು. ಈ ಕಡೆಯ ಗೋಡೆ ನೋಡಲು ದಪ್ಪ. ಆದರೆ ಒಳಗೊಂದು ಕಲ್ಲಿನ ಮುಖ, ಹೊರಗೊಂದು, ನಡುವೆ ಬರೀ ಮಣ್ಣು, ಪುಡಿಗಲ್ಲು. ಎರಡನ್ನೂ ಹಿಡಿದಿಡುವ ಅಡ್ಡಗಲ್ಲು ಇಲ್ಲದಿದ್ದರೆ ಸದ್ದು ಪೊಳ್ಳಾಗಿ ಬರುತ್ತದೆ. ನೆಲ ಅಲುಗಿದರೆ ಎರಡೂ ಮುಖ ಬೇರೆಯಾಗಿ, ಮೇಲಿನ ಭಾರವೆಲ್ಲ ಒಳಗೆ ಕುಸಿಯುತ್ತದೆ.

ಆ ಭಾರವನ್ನು ನಮ್ಮ ಜನ ಕೈಯಾರೆ ಬೆಳೆಸುತ್ತಿದ್ದರು. ಮಳೆಗೆ ಸೋರದಿರಲೆಂದು ಪ್ರತಿ ಬೇಸಿಗೆ ಉಪ್ಪಿನಂಶದ ಚೌಳು ಮಣ್ಣು ತಂದು ಮಾಳಿಗೆಗೆ ಹಾಕಿ, ನೀರು ಚಿಮುಕಿಸಿ, ಮನೆಮಂದಿಯೆಲ್ಲ ತುಳಿಯುವುದು. ಹಳೆಯದನ್ನು ತೆಗೆಯುವ ಮಾತೇ ಇಲ್ಲ. ಮೊದಲು ದೂರದಿಂದ ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದರು. ನಾವು ಕಾಲುವೆ ಹರಿಸಿದ ಮೇಲೆ ಹೊಲದ ತಗ್ಗುಗಳೆಲ್ಲ ನೀರು ನಿಂತು ಚೌಳಾದವು. ಮಣ್ಣು ಬಂಡಿಗಟ್ಟಲೆ ಮಾಳಿಗೆ ಏರಿತು. ನೀರು ಕೊಟ್ಟೆವೆಂದು ಬೀಗುತ್ತಿದ್ದ ಇಲಾಖೆಗೆ ಇದು ಹೊಳೆದಿರಲೇ ಇಲ್ಲ.

ಗೋಗಿ ಎಂಬ ಹಳ್ಳಿಯಲ್ಲಿ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳ ಮನೆಯ ಗೋಡೆ ಪೂರ್ತಿ ಪೊಳ್ಳು. ತೊಲೆ ಬಾಗಿತ್ತು; ಅದಕ್ಕೇ ಮೊಮ್ಮಗಳ ತೊಟ್ಟಿಲು ಕಟ್ಟಿದ್ದಳು. ಮಗುವನ್ನು ಹೆತ್ತ ಮಗಳು ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಮಾಳಿಗೆ ಹಗುರ ಮಾಡಿದರೆ, ನೆಲ ನಡುಗಿದರೂ ಕೂಸು ಉಳಿದೀತು ಎಂದು ಹೇಳಿದೆ. ಅವಳು ಒಪ್ಪಿದಳು.

ಮಗುವನ್ನು ಪಕ್ಕದ ಮನೆಗೆ ಕೊಟ್ಟು, ಅವಳು ನೆರೆಯವರೊಂದಿಗೆ ಮಾಳಿಗೆ ಹತ್ತಿದಳು; ನಾನೂ ಹತ್ತಿದೆ. ಮಣ್ಣು ಹಕ್ಕಳೆ ಹಕ್ಕಳೆಯಾಗಿ ಏಳುತ್ತಿತ್ತು, ಒಂದೊಂದು ಬೇಸಿಗೆಯದು ಒಂದೊಂದು ಪದರ. ಒಂದು ಹಕ್ಕಳೆ ಎದ್ದಾಗ ಅಡಿಯಲ್ಲಿ ಬರಿಗಾಲಿನ ಹೆಜ್ಜೆ ಕಂಡಿತು. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಏರಿ ಕೂತಿತ್ತು. ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತಳು. ಮಗಳ ಕಾಲೇ ಇದು, ಮದುವೆಗೆ ಮುಂಚಿನ ಬೇಸಿಗೆಯಲ್ಲಿ ತುಳಿದದ್ದು ಎಂದಳು.

ಸಲಿಕೆಗಳೆಲ್ಲ ನಿಂತವು. ಅಷ್ಟು ಜಾಗ ಹಾಗೇ ಬಿಟ್ಟರೆ ಭಾರವೇನೂ ಹೆಚ್ಚಾಗದು ಎಂದೆ. ಅದು ಸುಳ್ಳಲ್ಲ.

"ಬ್ಯಾಡ್ರಿ ಸಾಹೇಬ್ರ," ಅಂದಳು. "ಹಡದ ತಾಯಿ ಕಾಲು ಕೂಸಿನ ಎದಿ ಮ್ಯಾಲ ಇರಬಾರದ್ರಿ."

ಸಲಿಕೆ ತಾನೇ ಇಸಿದುಕೊಂಡಳು. ಹಿಮ್ಮಡಿಯ ಕಡೆಯಿಂದ ಮೆಲ್ಲಗೆ ಕೆರೆಯುತ್ತ ಬಂದಳು. ಬೆರಳುಗಳ ಹತ್ತಿರ ಬಂದಾಗ ಸಲಿಕೆ ಬದಿಗಿಟ್ಟು, ಅಂಗೈಯಿಂದ ಒರೆಸಿದಳು.