ಕಾಕಾನ ಔಸತ್

ಮೊನ್ನೆ ಸಂಜೆ ಮನೆಗೆ ಬಂದರೆ ಪಡಸಾಲೆಯ ತುಂಬ ಹಣ್ಣಿನ ಘಮ. ಸೊಸೆ ಕಮಲಾಪುರದಿಂದ ಬರುವಾಗ ಕೆಂಪು ಬಾಳೆಯ ಒಂದು ಚಿಪ್ಪು ತಂದು ಬುಟ್ಟಿಯಲ್ಲಿಟ್ಟಿದ್ದಳು. ಆ ವಾಸನೆಗೆ ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ಬೇವಿನ ಮರದ ನೆರಳು, ಮಣ್ಣು ಮೆತ್ತಿದ ಬ್ಯಾಟು, ಹಣೆಯ ವಿಭೂತಿ ಬೆವರಿಗೆ ಕರಗಿದರೂ ಕ್ರೀಸು ಬಿಡದ ಕಾಕಾ... ಎಲ್ಲವೂ ಒಟ್ಟಿಗೇ ಬಂದವು.

ಕಾಕಾ ನನ್ನ ಸ್ವಂತ ಚಿಕ್ಕಪ್ಪನಲ್ಲ. ಶಹಾಬಜಾರದಲ್ಲಿ ನಮ್ಮ ಪಕ್ಕದ ಮನೆಯವರು. ಕಲಬುರಗಿಯ ಕಾಳಿನ ಪೇಟೆಯಾದ ಗಂಜಿನಲ್ಲಿ ತೊಗರಿಯ ಅಡತಿ ಅಂಗಡಿ, ಕಮಲಾಪುರದಲ್ಲಿ ಬಾಳೆಯ ತೋಟ. ಅವರಿಗೆ ಎರಡಕ್ಕಿಂತಲೂ ಮಿಗಿಲಾದದ್ದು ಕ್ರಿಕೆಟ್ಟು, ಕ್ರಿಕೆಟ್ಟಿಗಿಂತಲೂ ಮಿಗಿಲಾದದ್ದು ಅವರ ಔಸತ್. ನಿಜಾಮರ ಕಾಲದ ಶಾಲೆಯಲ್ಲಿ ಲೆಕ್ಕವನ್ನೂ ಉರ್ದುವಿನಲ್ಲೇ ಕಲಿತವರು ನಾವು. ಸರಾಸರಿಗೆ ನಮ್ಮ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಹೊಡೆದ ರನ್ನುಗಳನ್ನೆಲ್ಲ ಕೂಡಿಸಿ, ಎಷ್ಟು ಸಲ ಔಟಾದೆವೋ ಅಷ್ಟರಿಂದ ಭಾಗಿಸಬೇಕು. ಔಟಾಗದೆ ಉಳಿದ ಆಟಕ್ಕೆ ಭಾಗಾಕಾರವಿಲ್ಲ. ಇದರ ಗುಟ್ಟು ಕಾಕಾಗೆ ಚೆನ್ನಾಗಿ ಗೊತ್ತಿತ್ತು. ತಂಡ ಗೆಲ್ಲಲಿ ಬಿಡಲಿ, ತಾವು ಔಟಾಗದೆ ಉಳಿಯಬೇಕು!

ಅದಕ್ಕಾಗಿ ಅವರು ನಮ್ಮನ್ನೆಲ್ಲ ಬಲಿ ಕೊಡುತ್ತಿದ್ದರು. ಚೆಂಡು ಹೊಡೆದವರೇ "ಬಾ ಬಾ ಬಾ!" ಎಂದು ಕೂಗುತ್ತಿದ್ದರು. ನಾವು ನಂಬಿ ಈ ತುದಿಯಿಂದ ಆ ತುದಿಗೆ ಓಡಿದರೆ ಕಾಕಾ ಕ್ರೀಸಿನಲ್ಲಿ ಬ್ಯಾಟು ಊರಿ, ತಮಗೆ ಸಂಬಂಧವೇ ಇಲ್ಲವೆಂಬಂತೆ ದೂರದ ದರ್ಗಾದ ಗುಮ್ಮಟದ ಕಡೆ ನೋಡುತ್ತ ನಿಂತಿರುತ್ತಿದ್ದರು. ಇಬ್ಬರೂ ಒಂದೇ ತುದಿಯಲ್ಲಿ! ಆ ಜಾಗ ಮೊದಲಿನಿಂದ ನಿಂತವರದು, ಓಡಿ ಬಂದವನು ಔಟು. ನಾನೇ ಎಷ್ಟು ಸಲ ಹಾಗೆ ಹಲ್ಲು ಕಡಿಯುತ್ತ ಮರಳಿದ್ದೇನೋ!

ಔಟಾಗಿ ಬಂದವನಿಗೆ ಮರದ ಕೆಳಗೆ ಒಂದು ಕೆಂಪು ಬಾಳೆಹಣ್ಣು. ಇದು ನಮ್ಮ ತಂಡದ ರಿವಾಜು, ಕಾಕಾ ಹಾಕಿಕೊಟ್ಟದ್ದೇ. ಪ್ರತಿ ಆಟಕ್ಕೂ ತಮ್ಮ ತೋಟದಿಂದ ಬುಟ್ಟಿ ತುಂಬ ಹಣ್ಣು ತರುತ್ತಿದ್ದರು. ಅಪ್ಪಿತಪ್ಪಿ ಎಂದೋ ಔಟಾದರೂ ಅಂಪೈರನನ್ನು ಬೈಯುತ್ತ ನೆಟ್ಟಗೆ ಮನೆಗೆ ಹೋಗುತ್ತಿದ್ದರೇ ಹೊರತು ಬುಟ್ಟಿಗೆ ಕೈ ಹಾಕುತ್ತಿರಲಿಲ್ಲ. "ನಮ್ಮ ತ್ವಾಟದ ಹಣ್ಣಿನ ರುಚಿ ಇಲ್ಲಿ ನನಗೊಬ್ಬಗ ಗೊತ್ತಿಲ್ಲ ನೋಡ್ರಿ" ಎಂದು ಮೀಸೆಯಲ್ಲೇ ನಗುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಹಣ್ಣು ತಿಂದವರು ನಮ್ಮ ಕಪ್ತಾನ ಸಾಹೇಬರು. ಶಹಾಬಜಾರದ ಓಣಿಯಲ್ಲಿ ಅವರ ಹೊಲಿಗೆ ಅಂಗಡಿ. ಕಾಕಾನ ಜೊತೆ ಒಂದೇ ಶಾಲೆಯಲ್ಲಿ ಕಲಿತವರು, ಇಬ್ಬರಿಗೂ ಏಕವಚನದ ಸಲಿಗೆ. ಆಗ ನಮ್ಮಲ್ಲಿ ಶುಕ್ರವಾರವೇ ವಾರದ ಸೂಟಿ, ಆಟವೂ ಅಂದೇ. ಮಧ್ಯಾಹ್ನ ನಮಾಜಿನ ಹೊತ್ತಿಗೆ ಆಟ ನಿಲ್ಲಿಸಿ ಕಪ್ತಾನರು ಮಸೀದಿಗೆ ಹೋಗುತ್ತಿದ್ದರು. ನಾವು ರೊಟ್ಟಿಯ ಗಂಟು ಬಿಚ್ಚುತ್ತಿದ್ದೆವು. ಸಂಜೆ ಅವರು ಅಂಗಡಿಯ ಹಲಗೆಯ ಮೇಲೆ ಬಟ್ಟೆ ಗುರುತು ಹಾಕುವ ಸೀಮೆಸುಣ್ಣದಿಂದ ಎಲ್ಲರ ಔಸತ್ ಬರೆಯುತ್ತಿದ್ದರು. ಎಲ್ಲಕ್ಕೂ ಮೇಲೆ ಕಾಕಾ, ಕೆಳಗೆ ಎಲ್ಲೋ ತಾವು. ಪಾಪ, ಒಂದು ಆಟದಲ್ಲಿ ಐವತ್ತು ರನ್ನು ಹೊಡೆಯಬೇಕೆಂಬ ಅವರ ಆಸೆ ಒಮ್ಮೆಯೂ ಕೈಗೂಡಿರಲಿಲ್ಲ. ಹತ್ತಿರ ಬಂದಾಗಲೆಲ್ಲ ಕಾಕಾ "ಬಾ ಬಾ" ಎನ್ನುತ್ತಿದ್ದರು.

ಆಮೇಲೆ ಕಾಲ ಕೆಟ್ಟಿತು. ರಜಾಕಾರರ ಹಾವಳಿಯಲ್ಲಿ ಕಾಕಾನ ಮನೆಯ ಕಟ್ಟೆಯ ಮೇಲೆ ಕಪ್ತಾನರು ಹೊಲಿಗೆ ಯಂತ್ರ ತಂದಿಟ್ಟುಕೊಂಡು ಕುಳಿತರು. ಅವರನ್ನು ದಾಟಿ ಆ ಬಾಗಿಲಿಗೆ ಯಾರೂ ಕೈ ಹಚ್ಚಲಿಲ್ಲ. ಪೊಲೀಸ್ ಆ್ಯಕ್ಷನ್ ಆದ ಮೇಲೆ ಗಾಳಿ ತಿರುಗಿತು. ಆಗ ಕಾಕಾ ಕಪ್ತಾನರ ಹೆಂಡತಿ ಮಕ್ಕಳನ್ನು ಎತ್ತಿನ ಗಾಡಿಯಲ್ಲಿ ಕಮಲಾಪುರಕ್ಕೆ ಕರೆದೊಯ್ದು ತೋಟದ ಮನೆಯಲ್ಲಿಟ್ಟುಕೊಂಡರು. ಇಬ್ಬರೂ ಈ ಬಗ್ಗೆ ಎಂದೂ ಮಾತಾಡಲಿಲ್ಲ, ನಾವೂ ಕೇಳಲಿಲ್ಲ.

ಆ ಚಳಿಗಾಲ ಮತ್ತೆ ಆಟ ಸುರುವಾಯಿತು. ಶುಕ್ರವಾರದ ಸೂಟಿ ರವಿವಾರಕ್ಕೆ ಹೋಗಿತ್ತು. ಆ ಹಂಗಾಮಿನಲ್ಲಿ ಕಾಕಾನ ಔಸತ್ ಏರುತ್ತ ಏರುತ್ತ ಐವತ್ತನ್ನು ದಾಟಿ ನಿಂತಿತು. ಇಡೀ ಕಲಬುರಗಿಯಲ್ಲಿ ಒಂದು ಹಂಗಾಮನ್ನು ಐವತ್ತರ ಔಸತ್‌ನಿಂದ ಮುಗಿಸಿದವರು ಯಾರೂ ಇರಲಿಲ್ಲ. ಹಿಂದೆ ರೇಲ್ವೆಯ ಒಬ್ಬ ಗೋರಾ ಸಾಹೇಬ ಹತ್ತಿರ ಬಂದು ತಪ್ಪಿಸಿಕೊಂಡಿದ್ದನಂತೆ. ಉಳಿದದ್ದು ಒಂದೇ ಆಟ. ಔಟಾಗದೆ ನಿಂತರೆ ದಾಖಲೆ ಕಾಕಾನದು. ಕಡಿಮೆ ರನ್ನಿಗೆ ಔಟಾದರೆ ಐವತ್ತರ ಕೆಳಗೆ ಜಾರುತ್ತಿತ್ತು. ಗಂಜಿನ ಹಮಾಲರಿಗೂ ಈ ಲೆಕ್ಕ ಬಾಯಿಪಾಠವಾಗಿತ್ತು, ಕಾಕಾ ಅಷ್ಟು ಸಲ ಹೇಳಿದ್ದರು.

ಆದರೆ ಅದೇ ಕಪ್ತಾನರ ಕೊನೆಯ ಆಟವೂ ಆಗಿತ್ತು. ಅವರ ಅಣ್ಣ ಕರಾಚಿಯಲ್ಲಿ ನೆಲೆ ಮಾಡಿಕೊಂಡು ಬಾ ಎಂದು ಒತ್ತಾಯಿಸಿದ್ದರು. ಅಂಗಡಿ ಖಾಲಿಯಾಗಿತ್ತು. ಮರುದಿನ ಮುಂಬಯಿಯ ರೈಲು.

ಆಟದಲ್ಲಿ ನಮ್ಮವರು ಒಬ್ಬೊಬ್ಬರಾಗಿ ಔಟಾಗಿ ಬಂದು ಹಣ್ಣು ತಿಂದರು. ಕಾಕಾ ಒಂದು ತುದಿಯಲ್ಲಿ ಎಂದಿನಂತೆ ಗೂಟ ಹೊಡೆದುಕೊಂಡು ನಿಂತಿದ್ದರು, ರನ್ನು ಹೆಚ್ಚಿಲ್ಲ. ಇನ್ನೊಂದು ತುದಿಯಲ್ಲಿ ಕಪ್ತಾನರು ಅಂದು ಎಂದೂ ಆಡದ ಹಾಗೆ ಆಡಿದರು. ಐವತ್ತಕ್ಕೆ ಇನ್ನು ಕೆಲವೇ ರನ್ನು. ಮುಂದಿನ ಸರದಿ ನನ್ನದು, ನಾನೇ ಕೊನೆಯವ. ಕಾಕಾ ಚೆಂಡನ್ನು ಮೆಲ್ಲಗೆ ತಳ್ಳಿದರು. ರೂಢಿ ಎಲ್ಲಿ ಬಿಡುತ್ತದೆ? ಬಾಯಿ ತಾನೇ ತೆರೆಯಿತು.

"ಬಾ ಬಾ ಬಾ!"

ಕಪ್ತಾನರು ಓಡಿದರು. ಇಷ್ಟು ವರ್ಷ ಮೋಸ ಹೋದ ಮೇಲೂ ಓಡಿದರು! ಕಾಕಾ ಕದಲಲಿಲ್ಲ. ಇಬ್ಬರೂ ಮತ್ತೆ ಒಂದೇ ತುದಿಯಲ್ಲಿ. ಆ ಕಡೆ ಚೆಂಡು ಬೌಲರನ ಕೈಗೆ ಬಂತು. ಅವನಿಗೆ ಅವಸರವಿರಲಿಲ್ಲ. ಔಟಾಗುವವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಕಪ್ತಾನರು ಆಗಲೇ ಗ್ಲೌಸು ಬಿಚ್ಚತೊಡಗಿದ್ದರು.

ಕಾಕಾ ಅವರ ಮುಖ ನೋಡಿದರು. ಬ್ಯಾಟನ್ನು ಬಗಲಲ್ಲಿಟ್ಟುಕೊಂಡರು. ಆಮೇಲೆ ಕ್ರೀಸು ದಾಟಿ ಹೊರಗೆ ಬಂದು, ಓಡದೆ, ಹಿಂತಿರುಗಿಯೂ ನೋಡದೆ ಮರದ ಕಡೆ ನಡೆದರು. ಜಾಗ ಈಗ ಒಳಗೆ ಉಳಿದ ಕಪ್ತಾನರದು. ಬೌಲರ ಬೆಪ್ಪಾಗಿ, ಬಹಳ ಹೊತ್ತಿನ ಮೇಲೆ ಬೇಲ್ಸ್ ಉದುರಿಸಿದ. ಅಂಪೈರ ಬೆರಳೆತ್ತಿದ. ಔಸತ್ ಐವತ್ತರ ಕೆಳಗೆ ಹೋಯಿತು.

ನಾನು ಒಳಗೆ ಹೋಗುವಾಗ ಎದುರು ಸಿಕ್ಕ ಕಾಕಾ, "ಸುಮ್ಮ ನಿಂದ್ರು. ಅವಗ ಆಡಾಕ ಬಿಡು. ಬಾ ಅಂತ ಒದರಿದಿ ಅಂದ್ರ ಕಾಲು ಮುರೀತೀನಿ" ಎಂದರು. ನಾನು ಬಾಯಿ ಮುಚ್ಚಿಕೊಂಡೇ ನಿಂತೆ. ಒದರುವ ಪ್ರಸಂಗವೇ ಬರಲಿಲ್ಲ. ಮುಂದಿನ ಚೆಂಡಿಗೇ ಕಪ್ತಾನರು ಬೋಲ್ಡ್ ಆದರು. ಕಣ್ಣ ತುಂಬ ನೀರು ತುಂಬಿಕೊಂಡವರಿಗೆ ಚೆಂಡು ಹೇಗೆ ಕಂಡೀತು?

ಇಬ್ಬರೂ ಮರದ ಹತ್ತಿರ ಬಂದೆವು. ಬುಟ್ಟಿಯಲ್ಲಿ ಉಳಿದಿದ್ದ ಒಂದೇ ಹಣ್ಣನ್ನು ಕಾಕಾ ಸುಲಿಯುತ್ತ ಕುಳಿತಿದ್ದರು.

"ಯಾರ್, ಐವತ್ತು ಹಾಳ ಮಾಡ್ಕೊಂಡೆಲ್ಲೋ ದಿವಾನಾ" ಎಂದರು ಕಪ್ತಾನರು.

"ನೀನೂ ಮಾಡ್ಕೊಂಡಿ ಬಿಡು. ಕೂಡು." ಕಾಕಾ ಹಣ್ಣು ಮುರಿದು ಅರ್ಧ ಅವರ ಕೈಗಿಟ್ಟರು. ತಾವು ಒಂದು ತುತ್ತು ಕಚ್ಚಿ, "ಏ, ಇಷ್ಟು ಚೊಲೊ ಅದ ಅಂತ ಇಷ್ಟು ವರ್ಷ ಹೇಳೇ ಇಲ್ಲಲ್ಲೋ ನೀ!" ಎಂದರು. ಇಬ್ಬರೂ ನಕ್ಕರು. ನಾನು ಬ್ಯಾಟಿಗೆ ಮೆತ್ತಿದ ಮಣ್ಣು ಕೆರೆಯುತ್ತ ಕುಳಿತೆ.

ಕಪ್ತಾನರು ಹೋದರು. ಹೋದ ಹೊಸತರಲ್ಲಿ ಒಂದೆರಡು ಕಾಗದ ಬಂದವು, ಆಮೇಲೆ ಅದೂ ಇಲ್ಲ. ಕಾಕಾ ಇನ್ನೂ ಕೆಲವು ಹಂಗಾಮು ಆಡಿದರು, ಆದರೆ ನಮಗೆ ಗುರುತೇ ಸಿಗದ ಹಾಗೆ. ಕಂಡ ಚೆಂಡಿಗೆಲ್ಲ ಬ್ಯಾಟು ಬೀಸುವುದು, ಔಟಾಗಿ ಬಂದು ಮರದ ಕೆಳಗೆ ಕೂಡುವುದು. ಹಣ್ಣು ಮುರಿದು ಅರ್ಧ ತಿಂದು, ಇನ್ನರ್ಧವನ್ನು ಸಿಪ್ಪೆಯ ಮೇಲೆ ಇಟ್ಟು ಏಳುತ್ತಿದ್ದರು. ಔಸತ್ ಎಷ್ಟೆಂದು ಯಾರಾದರೂ ಕೆಣಕಿದರೆ, "ಬರಿಯಾಂವನೇ ಹೋದ" ಎನ್ನುತ್ತಿದ್ದರು.

ವಯಸ್ಸಾದ ಮೇಲೆ ಅಡತಿ ಮಕ್ಕಳಿಗೆ ಬಿಟ್ಟು ಕಮಲಾಪುರದ ತೋಟದಲ್ಲೇ ಇದ್ದರು. ಕೊನೆಯ ಸಲ ನೋಡಲು ಹೋದಾಗ ಹಾಸಿಗೆಯಲ್ಲೇ ಎದ್ದು ಕುಳಿತು, ಮೊಮ್ಮಗಳಿಂದ ಹಣ್ಣು ತರಿಸಿದರು. ಮುರಿದು, ಅರ್ಧ ತಾವು ತಿಂದು ಉಳಿದದ್ದನ್ನು ಬದಿಗಿಟ್ಟರು. ನನಗೆ ತಡೆಯಲಾಗಲಿಲ್ಲ.

"ಕಾಕಾ, ಅದು ಯಾರಿಗ್ರೀ?"

"ಅವಗ. ಔಟಾಗಿ ಬಂದವಗಷ್ಟೇ ಹಣ್ಣು, ನಿನಗ ಗೊತ್ತದ ಅಲಾ? ಅವಂದು ಏನೂ ಸುದ್ದಿ ಬಂದಿಲ್ಲ. ಅಂದ್ರ ಅವ ಇನ್ನಾ ಆಡಾಕತ್ಯಾನ" ಎಂದರು...

ಮೊನ್ನೆ ಸೊಸೆ ತಟ್ಟೆಯಲ್ಲಿ ಒಂದು ಹಣ್ಣು ತಂದಿಟ್ಟಳು. ಕಾಕಾ ಔಟಾಗಿ ಎಷ್ಟೋ ವರ್ಷವಾಯಿತು. ಕಪ್ತಾನರ ಸುದ್ದಿ ಇವತ್ತಿಗೂ ಬಂದಿಲ್ಲ. ಹಣ್ಣು ಮುರಿದು ಅರ್ಧ ತಿಂದೆ. ಉಳಿದರ್ಧ ಹಾಗೇ ಬಿಟ್ಟಿದ್ದನ್ನು ಕಂಡು, ರುಚಿಯಾಗಿಲ್ಲವೇ ಎಂದು ಅವಳು ಕೇಳಿದಳು. ಬಹಳ ರುಚಿಯಾಗಿದೆ, ಅದು ಅಲ್ಲೇ ಇರಲಿ ಎಂದೆ.