ಬೆನ್ನ ಹಿಂದೆ ಕಟ್ಟಿದ ಕೈ

ಕಲಿಸುವಾಗ ನಮ್ಮ ಮೇಡಂ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು, ಎಡಗೈಯಿಂದ ಬಲ ಮಣಿಕಟ್ಟನ್ನು ಬಳೆಯ ಸಮೇತ ಬಿಗಿಯಾಗಿ ಹಿಡಿದು. ಪೀಣ್ಯದ ಫ್ಯಾಕ್ಟರಿಗಳಲ್ಲಿ ಗೇರು ಕಾಯಿಸಿ ಗಟ್ಟಿ ಮಾಡುವ ಫರ್ನೇಸ್‌ಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವ ಸಣ್ಣ ಆಫೀಸಿನಲ್ಲಿ ಅವರು ನನ್ನ ಸೀನಿಯರ್. ಏನು ಕೇಳಿದರೂ ಒಂದೇ ಉತ್ತರ: “ನನ್ನನ್ನಲ್ಲ, ಅದನ್ನ ಕೇಳು.” ‘ಅದು’ ಅಂದರೆ ನಾವು ಕೆಲಸ ಮಾಡುತ್ತಿದ್ದ ಕಪ್ಪು ಪರದೆಯ ಎಡಿಟರ್. ಹೆಲ್ಪ್ ಅಂತ ಟೈಪಿಸಿ ಬೇಕಾದ ವಿಷಯ ಸೇರಿಸಿದರೆ ಅದು ತನ್ನೊಳಗಿನ ಪುಟ ತೆರೆಯುತ್ತಿತ್ತು. ಹೇಳಿಬಿಟ್ಟರೆ ಇವರ ಗಂಟೇನು ಹೋಗುತ್ತದೆ ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಊಟದ ಹೊತ್ತಿಗೆ ತಮ್ಮ ಡಬ್ಬಿಯ ಖಡಕ್ ರೊಟ್ಟಿ ಮುರಿದು ಅರ್ಧ ಕೊಡುತ್ತಿದ್ದರು, ಸಿಟ್ಟು ಅಲ್ಲಿಗೆ ಇಳಿಯುತ್ತಿತ್ತು.

ಒಂದು ದಿನ ಗಿರಾಕಿಯ ಫ್ಯಾಕ್ಟರಿಯಲ್ಲಿ ಬೆಳಿಗ್ಗೆಯಿಂದ ಒಂದೊಂದೇ ಗೇರ್ ಕಾಯಿಸಿ ನೋಡಿ ಫರ್ನೇಸಿನ ಶಾಖ, ಹೊತ್ತಿನ ಅಂಕಿಗಳನ್ನು ಕೂರಿಸಿ, ಫೈಲು ತೆರೆದಿಟ್ಟೇ ಊಟಕ್ಕೆ ಹೋದೆವು. ಬರುವಷ್ಟರಲ್ಲಿ ಮಾಲೀಕರು, ಒಂದು ಅಂಕಿ ತಾವೇ ತಿದ್ದೋಣ ಅಂತ ಕೂತು ಟೈಪಿಸಿಬಿಟ್ಟಿದ್ದರು. ಆ ಎಡಿಟರಿನಲ್ಲಿ ಹಾಗೆ ಸುಮ್ಮನೆ ಒತ್ತಿದರೆ ಪ್ರತಿ ಅಕ್ಷರವೂ ಒಂದು ಆಜ್ಞೆ, ಅಳಿಸುವುದಕ್ಕೊಂದು, ರದ್ದು ಮಾಡುವುದಕ್ಕೊಂದು. ನಮ್ಮ ಬೆಳಗಿನ ಕೆಲಸವೆಲ್ಲ ಮಾಯ. ಸಂಜೆಯೊಳಗೆ ಮಾಲು ಲಾರಿ ಹತ್ತಬೇಕಿತ್ತು, ಮತ್ತೆ ಮೊದಲಿಂದ ನೋಡುವಷ್ಟು ಹೊತ್ತಿರಲಿಲ್ಲ. ತಪ್ಪು ಅಂಕಿಯಲ್ಲಿ ಕಾಯಿಸಿದರೆ ಅಷ್ಟೂ ಗೇರು ಗುಜರಿಗೆ.

“ಏನ್ ಮೇಡಂ, ನಿಂತ್ಕೊಂಡೇ ಇದೀರಲ್ಲ! ನೀವೇ ಕೂತ್ಕೊಳ್ಳಿ!” ಮಾಲೀಕರು ಕೂಗಾಡಿದರು.

“ಅವಳೇ ಮಾಡ್ತಾಳೆ ಸಾರ್.”

ಮಾಡಿದ್ದನ್ನು ರದ್ದು ಮಾಡುವ ಕೀ ಒತ್ತುತ್ತ ಹೋದೆ. ನಿನ್ನೆಯ ಹಳೇ ಅಂಕಿಗಳು ಬಂದವು, ಬೆಳಗಿನವು ಬರಲಿಲ್ಲ. ಅವನ್ನು ಮಾಲೀಕರು ಮೊದಲೇ ರದ್ದು ಮಾಡಿ, ಅದರ ಮೇಲೆ ಬೇರೇನೋ ಒತ್ತಿದ್ದರು.

“ಮೇಡಂ, ಪ್ಲೀಸ್, ಹೇಳ್ಬಿಡಿ.”

“ಫೈಲ್ ಮುಚ್ಚಬೇಡ. ಅದನ್ನ ಕೇಳು.”

ಹೆಲ್ಪ್, ಅನ್‌ಡೂ ಅಂತ ಟೈಪಿಸಿದೆ. ಪುಟ ತೆರೆಯಿತು. ಅಕ್ಷರ ಕಣ್ಣಿಗೆ ಕಂಡರೂ ತಲೆಗೆ ಹೋಗಲಿಲ್ಲ. ಮಾಲೀಕರು ಹಿಂದೆ ಶತಪಥ ಹಾಕುತ್ತಿದ್ದರು. ಮತ್ತೆ ಓದಿದೆ, ಮತ್ತೆ ಓದಿದೆ. ಕೊನೆಗೆ ಸಿಕ್ಕಿತು: ‘ಅರ್ಲಿಯರ್’ ಅಂತ ಬರೆದು ಇಷ್ಟು ನಿಮಿಷ ಅಂದರೆ, ಫೈಲು ಆ ಹೊತ್ತಿನಲ್ಲಿ ಹೇಗಿತ್ತೋ ಹಾಗೇ ಬಂದು ನಿಲ್ಲುತ್ತದೆ. ನಾವು ಊಟ ಮಾಡುತ್ತಿದ್ದ ಹೊತ್ತಿಗೆ ಹಿಂದಿರುಗಿಸಿದೆ. ಬೆಳಗಿನ ಅಂಕಿಗಳು ಒಂದೂ ಬಿಡದೆ ಬಂದು ಕೂತವು.

ನಾನು ಅತ್ತೇಬಿಟ್ಟೆ. ಬೆನ್ನು ತಟ್ಟಲು ಅವರು ಕೈ ಮುಂದೆ ತಂದಾಗ ನೋಡಿದೆ. ಮಣಿಕಟ್ಟಿನಲ್ಲಿ ಬಳೆಯ ಅಚ್ಚು ಕೆಂಪಗೆ ಮೂಡಿತ್ತು. ಕೀಬೋರ್ಡಿಗೆ ಚಾಚುವ ಕೈಯನ್ನು ಅಷ್ಟು ಹೊತ್ತೂ ಇನ್ನೊಂದು ಕೈಯಿಂದ ಹಿಡಿದಿಟ್ಟಿದ್ದರು.

“ನಿಮ್ಗೆ ಗೊತ್ತಿತ್ತಲ್ವಾ?”

“ಗೊತ್ತಿತ್ತು. ಸೋಮವಾರದಿಂದ ನೀನು ಫೋನ್ ಮಾಡಿದ್ರೂ ಎತ್ತಕ್ಕಾಗಲ್ಲ ಕಣೇ. ಆಪರೇಷನ್ ಇದೆ.”



ಆಪರೇಷನ್ ಆದಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ಬಾಗಲಗುಂಟೆಯ ಮನೆಯಲ್ಲಿ, ಅವರ ಪದ್ಧತಿಯಂತೆ, ದೇಹವನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೈಗಳು ಮಡಿಲಲ್ಲಿ. ಕೀಬೋರ್ಡಿನಿಂದ ದೂರ ಹಿಡಿಯಬೇಕಾದ ಗೋಜಿಲ್ಲದೆ ಆ ಕೈಗಳು ಮುಂದೆ ಸುಮ್ಮನಿದ್ದದ್ದನ್ನು ನಾನು ಅಂದೇ ನೋಡಿದ್ದು. ಬಂದವರೆಲ್ಲ ಪಾದ ಮುಟ್ಟುತ್ತಿದ್ದರು. ನಾನು ಆ ಮಣಿಕಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡೆ.