ಗಿಡ್ಡಯ್ಯನ ಕಿವಿ

ಹಳೇಬೀಡಿನ ಸುತ್ತಮುತ್ತ ಬಳಪದ ಕಲ್ಲು ಕೊಳ್ಳುವವರು ಮೊದಲು ಮಾದಿಹಳ್ಳಿಯ ಗಿಡ್ಡಯ್ಯನನ್ನು ಕರೆಯುತ್ತಿದ್ದರು. ಅವನು ಬೆರಳ ಗೆಣ್ಣಿನಿಂದ ಕಲ್ಲಿಗೆ ಎರಡು ಸಲ ತಟ್ಟಿ, ತಲೆ ವಾಲಿಸಿ ಕೇಳಿಸಿಕೊಂಡು, "ಉಲೀತೈತೆ, ತಗಳ್ಳಿ" ಎಂದರೆ ಕಲ್ಲು ಗಾಡಿ ಏರುತ್ತಿತ್ತು. "ಸತ್ತೈತೆ" ಎಂದರೆ ಒಳಗೆಲ್ಲೋ ಬಿರುಕು ಬಿಟ್ಟಿದೆಯೆಂದೇ ಅರ್ಥ. ಆ ಕಲ್ಲುಗಳಲ್ಲಿ ದೇವರು ಮೂಡುತ್ತಿದ್ದುದು ಬೇರೆಯವರ ಉಳಿಯಿಂದ. ಗಿಡ್ಡಯ್ಯನ ಪಾಲಿಗೆ ಬರುತ್ತಿದ್ದುದು ಒರಳು, ಉಪ್ಪಿನಕಾಯಿಯ ಮರಿಗೆ. ಅವರಿಗೆ ಅವನ ಕಿವಿ ಬೇಕಿತ್ತು, ಕೈ ಬೇಕಿರಲಿಲ್ಲ. ಅದನ್ನು ಅವನು ಎಂದೂ ಬಾಯಿಬಿಟ್ಟು ಆಡಿದವನಲ್ಲ.

ಮಗಳು ಮೀನಾಕ್ಷಿ ಅರಸೀಕೆರೆಯ ಒಂದು ಪ್ಲೈವುಡ್ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಶಿಲ್ಪಾ ಎಂಬ ಕಾಲೇಜು ಹುಡುಗಿ ಮುರಿದ ಸ್ಕೇಟ್‌ಬೋರ್ಡ್ ತಂದು, ಅಂಟಿಸಿಕೊಡಿ ಎಂದಳು. ಮೀನಾಕ್ಷಿ ಮುರಿದ ಅಂಚನ್ನು ಬೆಳಕಿಗೆ ಹಿಡಿದಳು. ಏಳು ಪದರ ತೆಳು ಮರ, ನಡುನಡುವೆ ಗೋಂದು, ಮೇಲಕ್ಕೆ ಬಾಗಿದ ತುದಿಗಳು. ಸಂಜೆ ಬಸ್ಸಿಳಿದವಳೇ ಅದನ್ನು ಅಪ್ಪನ ಮುಂದೆ ಇಟ್ಟಳು.

"ಇಂಥಾ ಬಾಗು ಬರೋ ಹಂಗೆ ಕಲ್ಲಲ್ಲಿ ಒಂದು ಅಚ್ಚು ಕಡೀತೀಯೇನಪ್ಪಾ? ಕಬ್ಬಿಣದ್ದು ಮಾಡ್ಸೋಕೆ ನಮ್ ಕೈಲಾಗಲ್ಲ."

"ಇದ್ರ ಮ್ಯಾಲೆ ಏನ್ ಮಾಡ್ತಾರೆ?"

"ನಿಂತ್ಕಂಡು ಹೋಯ್ತಾರೆ."

ಒಲೆಯ ಮುಂದಿದ್ದ ತಾಯಿ ಮುದ್ದಮ್ಮ ನಕ್ಕಳು. "ದಿನಾ ಬಸ್ಸಲ್ಲಿ ನಿಂತ್ಕಂಡು ಹೋಗೋದು ಸಾಲ್ದಾ ನಿಂಗೆ?"

ಗಿಡ್ಡಯ್ಯ ಹನ್ನೊಂದು ದಿನ ಕಡೆದ. ಕೆಳಗೊಂದು ಕಲ್ಲು, ಮೇಲೊಂದು ಕಲ್ಲು. ನಡುವೆ ಗೋಂದು ಹಚ್ಚಿದ ಏಳು ಪದರವಿಟ್ಟು ಬಿಗಿದರೆ ಮಾರನೆಯ ದಿನಕ್ಕೆ ಹಲಗೆ. ಮೊದಲನೆಯದು ಹೊರಬಂದಾಗ ಅವನು ಅಭ್ಯಾಸಬಲದಿಂದ ತಟ್ಟಿದ. ಅದು ಟಣ್ಣೆಂದಿತು. ನೋಡಲು ಬಂದಿದ್ದ ಶಿಲ್ಪಾ ಕಣ್ಣರಳಿಸಿದಳು. "ನಾವೂ ಹಿಂಗೇ ನೋಡೋದು ಅಂಕಲ್, ನೆಲಕ್ಕೆ ಬಡಿದು. ಒಳಗೆ ಗೋಂದು ಬಿಟ್ಟಿದ್ರೆ ಸೌಂಡೇ ಬರಲ್ಲ."

ಮೀನಾಕ್ಷಿ ಕೆಲಸ ಬಿಟ್ಟು ಸ್ಕೇಟ್‌ಬೋರ್ಡ್ ಮಾಡುವ ಸ್ವಂತ ಕಂಪನಿ ಶುರುಮಾಡಿ 'ನಾದ' ಎಂದು ಹೆಸರಿಟ್ಟಳು. ಮೊದಲ ವರ್ಷ ಅದಕ್ಕಿದ್ದದ್ದು ಹಿತ್ತಿಲಿನ ತಗಡಿನ ಚಪ್ಪರವಷ್ಟೇ. ಮೂರನೆಯ ವರ್ಷಕ್ಕೆ ಗಂಡಸಿಯಲ್ಲಿ ಬಾಡಿಗೆ ಶೆಡ್ಡು, ಆರು ಜನ ಹೆಣ್ಣುಮಕ್ಕಳು, ನಾಲ್ಕು ಜೋಡಿ ಕಲ್ಲಚ್ಚು. ಓದು ಮುಗಿಸಿದ ಶಿಲ್ಪಾ ಹಲಗೆ ಓಡಿಸಿ ನೋಡುವ ಕೆಲಸಕ್ಕೆ ಬಂದಳು. ಪುಣೆಯಿಂದ, ಕೊಚ್ಚಿಯಿಂದ ಹುಡುಗರು ತಾವು ಆ ಹಲಗೆಗಳ ಮೇಲೆ ಹಾರುವ ವಿಡಿಯೋ ಕಳಿಸತೊಡಗಿದರು. ದೊಡ್ಡ ಕಂಪನಿಯೊಂದು 'ನಾದ'ವನ್ನು ಕೊಳ್ಳಲು ಬಂತು. ಮೀನಾಕ್ಷಿ ಕಾಫಿ ಕೊಟ್ಟು ಕಳಿಸಿದಳು. "ಅವರತ್ರ ಮಿಷನ್ ಐತೆ, ನಮ್ಮಪ್ಪ ಇಲ್ವಲ್ಲ" ಎಂದಳು.

ಅದು ಬರಿಯ ಮಾತಲ್ಲ. ಪ್ರತಿ ಹಲಗೆಯನ್ನೂ ಗಿಡ್ಡಯ್ಯ ತಟ್ಟಿ ನೋಡಬೇಕು. ಉಲಿದರೆ ಅಡಿಯಲ್ಲಿ ಸಣ್ಣ ಉಳಿಯಿಂದ 'ಗಿ' ಎಂದು ಗೀರಬೇಕು. ಜೀವಮಾನವೆಲ್ಲ ಹೆಸರಿಲ್ಲದೆ ಒರಳು ಕಡೆದವನ ಅಕ್ಷರ ಈಗ ಊರೂರು ಸುತ್ತುತ್ತಿತ್ತು.

ಅವನ ಕಿವಿ ಮೊದಲು ಹಕ್ಕಿಗಳ ದನಿಯನ್ನು ಕಳೆದುಕೊಂಡಿತು. ಅಚ್ಚು ಬೇಗ ಆಗಲೆಂದು ನಾಲ್ಕು ವರ್ಷ ಕಲ್ಲು ಉಜ್ಜುವ ಗ್ರೈಂಡರ್ ಹಿಡಿದಿದ್ದ. ಅದರ ಕೂಗು ಮಿಕ್ಕ ಸದ್ದುಗಳನ್ನೆಲ್ಲ ಒಂದೊಂದಾಗಿ ತಿಂದುಹಾಕಿತು. ಎದುರು ನಿಂತು ಆಡಿದ್ದು ತುಟಿ ನೋಡಿದರೆ ತಿಳಿಯುತ್ತಿತ್ತು. ಹಿಂದಿನಿಂದ ಊಟಕ್ಕೆ ಕರೆದು ಸೋತ ಮುದ್ದಮ್ಮ, "ಕಂಪ್ನಿ ಯಜಮಾನ್ರಿಗೆ ನಾವೆಲ್ಲಿ ಕೇಳಿಸ್ತೀವಿ" ಎಂದು ಹಂಗಿಸುತ್ತಿದ್ದಳು. ಹೇಳಿಬಿಟ್ಟರೆ ಆ ಅಕ್ಷರ ಹೋಗುತ್ತದೆ. ಅವನು ಹೇಳಲಿಲ್ಲ. ಗೆಣ್ಣಿಗೆ ತಾಗುವ ಅದುರುವಿಕೆಯಿಂದಲೇ ಅಂದಾಜು ಮಾಡಿ, ಎಂದಿನಂತೆ ತಲೆ ವಾಲಿಸಿ, "ಉಲೀತೈತೆ" ಎಂದು ಗೀರಿದ.

ಆ ಮಳೆಗಾಲ ಗೋಂದು ಸರಿಯಾಗಿ ಒಣಗಲಿಲ್ಲ. ಶಿಲ್ಪಾ 'ಗಿ' ಬಿದ್ದಿದ್ದ ಹೊಸ ಹಲಗೆಯ ಮೇಲೆ ಜಿಗಿದು ಇಳಿದಾಗ ಅದು ಪದರ ಬಿಚ್ಚಿ ಮುರಿಯಿತು. ಅವಳ ಬಲ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಮೀನಾಕ್ಷಿ ಮರವನ್ನು ಬೈದಳು, ಗೋಂದನ್ನು ಬೈದಳು, ಮಳೆಯನ್ನು ಬೈದಳು. ಅಪ್ಪನನ್ನು ಅನುಮಾನಿಸುವುದು ಮಾತ್ರ ಅವಳಿಗೆ ಹೊಳೆಯಲೇ ಇಲ್ಲ.

ವಾರದ ನಂತರ ಅವಳು ನಲವತ್ತು ಹಲಗೆಗಳನ್ನು ಅವನ ಮುಂದೆ ಜೋಡಿಸಿದಳು. "ಇನ್ನೊಂದ್ಸಲ ತಟ್ಟಿಬಿಡಪ್ಪಾ. ನೀನು ಹೂಂ ಅಂದ್ರೆ ಇವತ್ತೇ ಕಳಿಸ್ತೀನಿ."

ಪಕ್ಕದಲ್ಲಿ ಶಿಲ್ಪಾ ಬ್ಯಾಂಡೇಜಿನ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಕುಳಿತಿದ್ದಳು. ಗಿಡ್ಡಯ್ಯ ಮೊದಲ ಹಲಗೆಗೆ ತಟ್ಟಿದ. ಮತ್ತೆ ತಟ್ಟಿದ. ಆಮೇಲೆ ಅದನ್ನು ಮಗುಚಿ, ಉಳಿ ತೆಗೆದುಕೊಂಡು, ತಾನೇ ಗೀರಿದ್ದ 'ಗಿ'ಯನ್ನು ಹೊಡೆದುಹಾಕಿದ.

"ಸತ್ತೈತಾ?" ಮೀನಾಕ್ಷಿ ಬಗ್ಗಿ ಕೇಳಿದಳು.

"ಹಲಗೆ ವಿಷ್ಯ ನಂಗೊತ್ತಿಲ್ಲ ಕಣವ್ವಾ. ಕಿವಿ ಸತ್ತೈತೆ."

"ಯಾವಾಗಿಂದ?"

"ಹೋದ ದೀಪಾವಳೀಲಿ ಊರಲ್ಲಿ ಯಾರೂ ಪಟಾಕಿ ಹೊಡೀಲಿಲ್ಲ ಅನ್ಕಂಡಿದ್ದೆ."

ಗಿಡ್ಡಯ್ಯ ಒಂದೊಂದಾಗಿ ಹಲಗೆ ಎತ್ತಿಕೊಂಡು, ನಲವತ್ತರ ಮೇಲಿಂದಲೂ ತನ್ನ ಅಕ್ಷರವನ್ನು ಕೆತ್ತಿ ತೆಗೆದ. ಮೊದಲೇ ಮಾರಿದ್ದ ಹಲಗೆಗಳನ್ನು ಮೀನಾಕ್ಷಿ ವಾಪಸು ಕರೆಸಿದಳು; ಅವು ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಅವುಗಳ ಅಕ್ಷರವನ್ನೂ ಅವನೇ ಕೆತ್ತಿ ತೆಗೆದ.

ಈಗ, ಬಲಗೈಗೆ ಇನ್ನೂ ಮೊದಲಿನ ಬಲ ಬಾರದ ಶಿಲ್ಪಾ ಎಡಗೈಯಿಂದ ತಟ್ಟುತ್ತಾಳೆ. ಗಿಡ್ಡಯ್ಯ ಎದುರಿಗೆ ಕುಳಿತು ಹಲಗೆಯ ಇನ್ನೊಂದು ತುದಿಗೆ ಅಂಗೈ ಒತ್ತಿ, ಅವಳ ಮುಖವನ್ನೇ ನೋಡುತ್ತಾನೆ. ಅವಳು ತಲೆ ವಾಲಿಸುತ್ತಾಳೆ, ಅವನು ವಾಲಿಸುತ್ತಿದ್ದ ಹಾಗೆಯೇ. "ಉಲೀತೈತೆ ಅಂಕಲ್" ಎಂದು ತುಟಿ ಬಿಡಿಸಿ ಹೇಳುತ್ತಾಳೆ. ಅವನು ಉಳಿಯನ್ನು ಹಿಡಿಯ ಕಡೆಯಿಂದ ಅವಳಿಗೆ ಚಾಚುತ್ತಾನೆ. ಎಡಗೈಯ 'ಶಿ' ಸೊಟ್ಟಗೆ ಬೀಳುತ್ತದೆ. ಗೀರಿನಲ್ಲಿ ಉಳಿದ ಮರದ ಪುಡಿಯನ್ನು ಅವನು ಊದುತ್ತಾನೆ.